ಅಡೊಮನ ಹಾಲಿನ ಡಬ್ಬಿ

ಚಮಚ ಡಬ್ಬಿಯ ತಳಕ್ಕೆ ತಾಗಿ ಠಣ್ ಎಂದದ್ದೇ ತಡ, ಅಸಿಯಾಮನ ಎದೆಯೂ ಠಣ್ ಎಂದಿತು.

ಡಬ್ಬಿ ಅವನದಲ್ಲ, ಅವನ ಎಳೆಗೂಸು ಅಡೊಮನದು. ಕೂಸುಗಳಿಗೆ ಕಲಸಿ ಕುಡಿಸುವ ಹಾಲಿನ ಪುಡಿ. ಅಡೊಮ ಹುಟ್ಟಿದಾಗ ಅತ್ತೆ ಫೊರಿವಾ ತನ್ನ ತೋಟದ ಕೋಕೋ ಮಾರಿದ ದುಡ್ಡಲ್ಲಿ ಕೊಂಡು, ಕುಮಾಸಿ ಪಟ್ಟಣದವರೆಗೆ ಮಡಿಲಲ್ಲಿಟ್ಟುಕೊಂಡು ತಂದದ್ದು. ಊರಿಗೆ ಹೊರಟವಳು ಹೊಸಿಲ ಮೇಲೆ ನಿಂತು ಹೇಳಿದ್ದಳು: “ನಾನು ತಿರುಗಿ ಬರೋ ಹೊತ್ತಿಗೆ ಮೊಮ್ಮಗನ ಕೆನ್ನೆ ತುಂಬಿರ್ಬೇಕು, ಡಬ್ಬಿ ಲೆಕ್ಕಕ್ಕೆ ಸಿಗ್ಬೇಕು. ಇಲ್ದಿದ್ರೆ ಮಗಳನ್ನೂ ಮಗೂನೂ ಕರ್ಕೊಂಡು ಹೋಗ್ತೀನಿ. ಮಗು ತಾಯಿ ಬಳಗದ್ದು, ನೆನಪಿರ್ಲಿ ಅಳಿಯಂದಿರೇ.”

ಬರೀ ಬೆದರಿಕೆಯಲ್ಲ. ನಮ್ಮಲ್ಲಿ ಕಟ್ಟಳೆಯೇ ಹಾಗೆ. ಆ ಅತ್ತೆ ಇವತ್ತು ಬರುವವಳಿದ್ದಳು.

ಅಸಿಯಾಮ ದರ್ಜಿ. ಅಂಗಿ ಹಾಕಿಕೊಂಡರೆ ಕೋಲಿಗೆ ಬಟ್ಟೆ ಒಣಹಾಕಿದ ಹಾಗೆ ಕಾಣುತ್ತಿದ್ದ. ಒಂದು ದಿನ ಬೇಸರಕ್ಕೆ ಡಬ್ಬಿಯ ಬೆನ್ನು ಓದಿದ್ದೇ ಅನಾಹುತಕ್ಕೆ ಮೂಲ. ಬೆಲೆ ಆನೆಯಂಥದ್ದು, ಅಕ್ಷರ ಇರುವೆಯಂಥದ್ದು. ಬಡವ ಓದಬಾರದೆಂದೇ ಹಾಗೆ ಅಚ್ಚು ಹಾಕಿರುತ್ತಾರೆ. ಅಸಿಯಾಮ ಓದಿಬಿಟ್ಟ. ರಕ್ತಕ್ಕೆ ಕಬ್ಬಿಣ, ಮೂಳೆಗೆ ಕ್ಯಾಲ್ಸಿಯಂ, ಮಾಂಸಖಂಡಕ್ಕೆ ಪ್ರೋಟೀನು, ಮಿದುಳಿಗೆ ಮೀನೆಣ್ಣೆ, ಸಾಲದ್ದಕ್ಕೆ ಸತು, ಅಯೋಡಿನ್, ಅರ್ಧ ಅಕ್ಷರಮಾಲೆಯಷ್ಟು ವಿಟಮಿನ್ನುಗಳು. ಅಂಗೈಯಷ್ಟು ಕೂಸನ್ನು ಆರು ತಿಂಗಳಲ್ಲಿ ಎರಡರಷ್ಟು ಮಾಡುವ ಪುಡಿ, ಬೆಳೆದ ಗಂಡಸನ್ನು ಏನು ಮಾಡಲಿಕ್ಕಿಲ್ಲ!

ಅಂದಿನಿಂದ ಬೆಳಗ್ಗೆ ಗಾರಿ ಎಂಬ ಮರಗೆಣಸಿನ ರವೆಯನ್ನು ತಣ್ಣೀರಲ್ಲಿ ನೆನೆಹಾಕಿ, ಶೇಂಗಾ, ಸಕ್ಕರೆ ಸೇರಿಸಿ, ಮೇಲೆ ಮಗನ ಪಾಲಿನ ಪುಡಿ ಉದುರಿಸಿಕೊಂಡು ಕಬಳಿಸತೊಡಗಿದ. ಈ ರುಚಿ ನೋಡದ ಅಪ್ಪ ಊರಲ್ಲಿ ಯಾರಿದ್ದಾನೆ ಎಂಬ ಧೈರ್ಯ ಬೇರೆ. ಡಬ್ಬಿಯೂ ಮುಗಿಯುವುದೇ ಇಲ್ಲವೇನೋ ಎಂಬಂತೆ ಬಾಳಿತು. ಫಲವೂ ಕಂಡಿತು. ತೋಳು ಗಟ್ಟಿಯಾಯಿತು. ಮರೆತ ಗಿರಾಕಿಗಳ ಸೊಂಟದಳತೆ ತಾನಾಗಿ ನೆನಪಿಗೆ ಬಂತು. “ನನ್ನೊಳಗೆ ಕಬ್ಬಿಣ ಓಡಾಡ್ತಿದೆ” ಎಂದು ವಠಾರವಿಡೀ ಹೇಳಿಕೊಂಡು ತಿರುಗಿದ. ಎಲ್ಲಿಂದ ಬಂದ ಕಬ್ಬಿಣ ಎಂದು ಮಾತ್ರ ಹೇಳಲಿಲ್ಲ.

“ಏನಣ್ಣಾ, ಒಂದೇ ರಾತ್ರೀಲಿ ಮೀಸೆ ನರೆತುಹೋಯ್ತಾ?”

ಕಿಟಕಿಯಲ್ಲಿ ಎದುರುಕೋಣೆಯ ದೆದೆಯ ಮುಖ. ಮೀನು ಹುರಿದು ಮಾರುವವಳು. ಬಾಣಲೆಯಲ್ಲಿ ಮೀನು, ಬಾಯಲ್ಲಿ ವಠಾರ. ಎರಡನ್ನೂ ಗರಿಗರಿಯಾಗಿ ಹುರಿಯುತ್ತಿದ್ದಳು.

ಅಸಿಯಾಮ ತುಟಿಯ ಮೇಲೆ ಕೈಯಾಡಿಸಿದ. “ಸೀಮೆಸುಣ್ಣ. ಪ್ಯಾಂಟಿಗೆ ಗುರುತು ಹಾಕ್ತಿದ್ದೆ.”

“ಮೂಗಿನ ಕೆಳಗೆ ಯಾರ ಪ್ಯಾಂಟು ಹೊಲೀತಿದ್ದೆ?”

ಅವನು ಡಬ್ಬಿ ಮುಚ್ಚುವಷ್ಟರಲ್ಲಿ ಸುದ್ದಿ ನಲ್ಲಿಕಟ್ಟೆ ಮುಟ್ಟಿತ್ತು. ಒಬ್ಬ ಬಂದು ತಪ್ಪನ್ನು ಇಲಿಯ ಮೇಲೆ ಹಾಕು ಎಂದ. ಇನ್ನೊಬ್ಬ, ಇಲಿ ಮುಚ್ಚಳ ತಿರುಗಿಸಿ ತೆಗೆಯುತ್ತದೆಯೇ, ಕಳ್ಳನ ಮೇಲೆ ಹಾಕು ಎಂದ. ಈ ತಕರಾರು ಬಗೆಹರಿಯುವ ಮೊದಲೇ ಫೊರಿವಾ ತಲೆಯ ಮೇಲೆ ಬಾಳೆಗೊನೆ ಹೊತ್ತು ಅಂಗಳಕ್ಕೆ ಬಂದು ನಿಂತಳು.

ಮಗಳು ಸೆರ್ವಾಳ ಬೆನ್ನಿಂದ ಕೂಸನ್ನು ಬಿಚ್ಚಿಸಿಕೊಂಡು, ಸಂತೆಯಲ್ಲಿ ಟೊಮೆಟೊ ನೋಡುವಂತೆ ಕೆನ್ನೆ ಒತ್ತಿ ನೋಡಿದಳು. “ಕೆನ್ನೆ ಪರವಾಗಿಲ್ಲ. ಎಲ್ಲಿ, ಡಬ್ಬಿ ತೋರಿಸಿ.”

“ಅದ್ಯಾಕೆ ಅತ್ತೆ, ಅದರಲ್ಲಿ ಕಬ್ಬಿಣ ಇದೆ” ಎಂದ ಅಸಿಯಾಮ.

“ಅದಕ್ಕೇ ತಾನೇ ತಂದದ್ದು?”

“ಈ ಸೆಕೆಗೆ ತುಕ್ಕು ಹಿಡಿದಿರ್ಬೋದು.”

“ತುಕ್ಕು ಬೆಳ್ಳಗಿರುತ್ತಾ ಅಣ್ಣಾ?” ಎಂದಳು ದೆದೆ, ಬಾಣಲೆಯ ಮುಂದಿನಿಂದಲೇ.

ಆಗ ಸೆರ್ವಾ ಗಡಿಬಿಡಿಯಿಂದ ನಡುವೆ ಬಂದಳು. “ಡಬ್ಬಿ ಎಲ್ಲಿಗೆ ಓಡಿಹೋಗುತ್ತೆ ಅಮ್ಮಾ? ದಣಿದು ಬಂದಿದ್ದೀಯ. ಮೊದ್ಲು ಸ್ನಾನ ಮಾಡು, ಉಣ್ಣು.”

ಗಂಡನ ಮಾನ ಉಳಿಸಲು ಹೆಂಡತಿ ಎಷ್ಟು ಒದ್ದಾಡುತ್ತಾಳೆ! ಅಸಿಯಾಮನ ಕಣ್ಣು ತೇವವಾಯಿತು. ಅತ್ತೆ ಬಚ್ಚಲಿಗೆ ಹೋದದ್ದೇ ವಠಾರದ ಯಜಮಾನ ಬಾದು ಅಜ್ಜನ ಜಗಲಿಗೆ ಓಡಿದ.

ಅಜ್ಜ ಎಲ್ಲ ಕೇಳಿ, ಹಲ್ಲುಕಡ್ಡಿ ಬಾಯಿಂದ ತೆಗೆದ. “ಅವಳಾಗಿ ಕಂಡುಹಿಡಿದ್ರೆ ನೀನು ಕೆಟ್ಟೆ. ನೀನೇ ಒಪ್ಕೊಂಡ್ರೆ ದಂಡದಲ್ಲಿ ಮುಗಿಯುತ್ತೆ. ದಂಡ ಕೊಟ್ಟು, ಗತಿಸಿದ ಹಿರಿಯರಿಗೆ ನೆಲಕ್ಕೆ ಜಿನ್ನು ಎರೆದ ಮೇಲೆ ಆ ಮಾತು ಸತ್ತ ಹಾಗೆ. ನಿಮ್ಮತ್ತೆ ಅಲ್ಲ, ನಿಮ್ಮತ್ತೆಯ ಅತ್ತೆ ಬಂದ್ರೂ ಮತ್ತೆ ಎತ್ತೋ ಹಾಗಿಲ್ಲ.”

ಅಂಗಳದಲ್ಲಿ ಮಣೆಗಳು ಬಿದ್ದವು. ಕರೆಯದೇ ಎಲ್ಲರೂ ಬಂದರು. ಅಸಿಯಾಮ ಹಿರಿಯರೆದುರಿನ ಮರ್ಯಾದೆಗೆ ಅಂಗಿಯನ್ನು ಸೊಂಟಕ್ಕೆ ಇಳಿಸಿಕೊಂಡು, ಮಗನ ಹಾಲಿನಪುಡಿಯನ್ನು ತಾನೇ ಗಾರಿಗೆ ಹಾಕಿಕೊಂಡು ತಿಂದದ್ದನ್ನು ಒಪ್ಪಿಕೊಂಡ.

ಫೊರಿವಾ ಎದ್ದುನಿಂತಳು. “ಸೆರ್ವಾ, ಗಂಟು ಕಟ್ಟು. ಕೂಸಿನ ಬಾಯಿಂದ ಕಿತ್ತು ತಿನ್ನೋ ಗಂಡಸು ನಾಳೆ ಕೂಸನ್ನೇ ನೆನೆಹಾಕ್ಕೊಂಡು ತಿಂತಾನೆ!”

“ಕೂತ್ಕೊಳ್ಳಮ್ಮಾ” ಎಂದ ಅಜ್ಜ. “ತಾನಾಗಿ ಒಪ್ಪಿದೋನಿಗೆ ನಮ್ಮಲ್ಲಿ ದಂಡ, ಗಡೀಪಾರಲ್ಲ.”

ಫೊರಿವಾ ಕುರಿಯಿಂದ ಶುರುಮಾಡಿ, ಕೂಗಿ ಕೂಗಿ ಕೋಳಿಗೆ ಇಳಿದಳು. ಒಂದು ಕೋಳಿ, ಒಂದು ಬಾಟಲಿ ಜಿನ್ನು, ಅದೇ ಜಾತಿಯ ಹೊಸ ಡಬ್ಬಿ. ಮೇಲೆ, ಇನ್ನು ಆಯುಷ್ಯದಲ್ಲಿ ಆ ಪುಡಿ ಮುಟ್ಟುವುದಿಲ್ಲವೆಂದು ಹಿರಿಯರ ಮುಂದೆ ಆಣೆ. ಅಸಿಯಾಮ ತನ್ನ ಇದ್ದಿಲ ಇಸ್ತ್ರಿಪೆಟ್ಟಿಗೆಯನ್ನು ದೆದೆಯ ಬಳಿ ಒತ್ತೆಯಿಟ್ಟು ಎಲ್ಲವನ್ನೂ ತಂದ. ಬಾದು ಅಜ್ಜ ನೆಲಕ್ಕೆ ನಾಲ್ಕು ಹನಿ ಎರೆದು, ಉಳಿದದ್ದನ್ನು ಹಿರಿಯರ ಪರವಾಗಿ ತಾನೇ ಕುಡಿದ. ಮಾತು ಸತ್ತಿತು. ಹೆಂಡತಿ ಉಳಿದಳು, ಮಗ ಉಳಿದ. ಅಸಿಯಾಮ ದೊಡ್ಡದೊಂದು ಉಸಿರು ಬಿಟ್ಟ.

ಫೊರಿವಾಳಿಗೆ ಆಗ ಹೊಳೆಯಿತು. “ಅಲ್ವೇ ಸೆರ್ವಾ, ಪುಡಿ ಇವನು ತಿಂದ. ಮತ್ತೆ ಕೂಸು ಏನು ಕುಡೀತು?”

“ನನ್ನ ಹಾಲು. ಆರು ತಿಂಗಳು ನೀರೂ ಬೇಡ, ಮಗೂಗೆ ಬೇಕಾದ್ದೆಲ್ಲ ಎದೆಹಾಲಲ್ಲೇ ಇದೆ, ನೀನು ಚೆನ್ನಾಗಿ ತಿನ್ನು ಅಂದ್ಲು ನರ್ಸಮ್ಮ.” ಸೆರ್ವಾ ತಲೆ ತಗ್ಗಿಸಿದಳು. “ಅದಕ್ಕೇ ಪುಡೀನ... ಮೊದಲನೇ ವಾರವೇ ನಾನು ಕಲಸ್ಕೊಂಡು ಕುಡಿದುಬಿಟ್ಟೆ.”

“ಪೂರ್ತಿ?”

“ಪೂರ್ತಿ. ನೀನು ಬಂದು ಬೈತೀಯ ಅಂತ ಮರಗೆಣಸಿನ ಹಿಟ್ಟು ಹುರಿದು, ಸಕ್ಕರೆ ಬೆರೆಸಿ ಡಬ್ಬಿಗೆ ತುಂಬಿಟ್ಟೆ. ಅದೂ ಕಮ್ಮಿ ಆಗ್ತಾ ಬಂತು. ಇಲಿ ಇರ್ಬೇಕು ಅಂದ್ಕೊಂಡು ಇನ್ನೊಂದ್ಸಲ ತುಂಬಿದೆ.”

ದೆದೆ ಕಂಬ ಹಿಡಿದುಕೊಂಡು ನಗಲು ಶುರುಮಾಡಿದಳು.

“ಗಾರೀನೂ ಮರಗೆಣಸು, ಅದರ ಮೇಲೆ ಉದುರಿಸಿದ್ದೂ ಮರಗೆಣಸು!” ಅಸಿಯಾಮನ ದನಿ ಒಡೆಯಿತು. “ಹಂಗಾದ್ರೆ ನನ್ನೊಳಗೆ ಓಡಾಡ್ತಿದ್ದ ಕಬ್ಬಿಣ?”

ಸೆರ್ವಾ ಅವನನ್ನು ಸಮಾಧಾನ ಮಾಡಲು ಯೋಚಿಸಿ ಹೇಳಿದಳು. “ಹುರಿದಿದ್ದು ಕಬ್ಬಿಣದ ಬಾಣಲೇಲೇ.”

“ಅಜ್ಜಾ! ಪುಡಿ ತಿಂದೋಳು ಇವಳು. ದಂಡ ಇವಳಿಗೆ ಹಾಕಿ, ನನ್ನ ಇಸ್ತ್ರಿಪೆಟ್ಟಿಗೆ ಬಿಡಿಸಿ ಕೊಡಿ!”

ಬಾದು ಅಜ್ಜ ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. “ಡಬ್ಬಿಯ ಮಾತಿಗೆ ಜಿನ್ನು ಎರೆದಾಯ್ತು ಮಗಾ. ಮತ್ತೆ ಎತ್ತಿದೋರಿಗೆ ಕುರಿ ದಂಡ.”

ಅಸಿಯಾಮ ಕೂತ.

ಫೊರಿವಾ ಹೊಸ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನ್ಯಾಯ ಬಗೆಹರಿಸಿದಳು. “ಕೂಸಿಗೆ ಇದು ಬೇಡ ಅಂತ ನರ್ಸಮ್ಮ ಹೇಳಿದಾಳೆ. ಅಳಿಯಂದಿರು ಆಣೆ ಹಾಕಿದಾರೆ. ಮಗಳು ಆಗ್ಲೇ ಒಂದು ಡಬ್ಬಿ ಮುಗಿಸಿದಾಳೆ. ಉಳಿದೋಳು ನಾನೊಬ್ಳೇ. ಇಂಥ ಗಂಡ ಹೆಂಡತೀನ ನಂಬಿ ಮೊಮ್ಮಗನ್ನ ಬಿಟ್ಟು ಹೋಗೋಕಾಗುತ್ತಾ? ಅವನು ನಡೆಯೋ ತನಕ ನಾನು ಇಲ್ಲೇ ಇರ್ತೀನಿ. ಸೆರ್ವಾ, ಮಂಚದ ಮೇಲಿನ ಬಟ್ಟೆ ಬದಲಾಯಿಸು.”

ಆಮೇಲೆ ಬಟ್ಟಲು ತರಿಸಿ, ಗಾರಿ ನೆನೆಹಾಕಿ, ಡಬ್ಬಿಯ ಮುಚ್ಚಳ ಕಿತ್ತಳು. ನಾಲ್ಕು ಚಮಚ ಉದುರಿಸಿಕೊಂಡು ಡಬ್ಬಿಯನ್ನು ಅಳಿಯನ ಕಡೆಗೆ ತಿರುಗಿಸಿ ಹಿಡಿದಳು.

“ನನ್ನ ಕಣ್ಣಿಗೆ ಈ ಅಕ್ಷರ ಕಾಣಲ್ಲ. ಏನೇನಿದೆ ಇದರಲ್ಲಿ? ಸ್ವಲ್ಪ ಗಟ್ಟಿಯಾಗಿ ಓದಿ, ಮಂಡಿ ನೋವಿಗೆ ಯಾವುದು ಒಳ್ಳೇದು ನೋಡೋಣ.”