ಚಿಕ್ಕಪ್ಪನ ಲ್ಯಾಟಿನ್

ನಮ್ಮ ಚಿಕ್ಕಪ್ಪನಿಗೆ ಹುಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿದ ಮೇಲೆ ನೀವು ನಂಬುವುದು ಕಷ್ಟ. ತಿರುಪ್ಪೂರಿನಲ್ಲಿ ಬಹುಕಾಲ ನಡೆಸಿದ ಬನಿಯನ್ ಕಂಪನಿಯನ್ನು ಅಳಿಯನಿಗೆ ಒಪ್ಪಿಸಿದವರೇ ಕೊಯಮತ್ತೂರಿನ ವಿಶ್ವವಿದ್ಯಾಲಯವೊಂದರಲ್ಲಿ ಲ್ಯಾಟಿನ್ ಕಲಿಯಲು ಸೇರಿದರು. ಮನೆಮಾತಾದ ಕನ್ನಡವನ್ನೇ ಓದಲು ಬಾರದವರಿಗೆ ಲ್ಯಾಟಿನ್ ಏಕೆ?

"ಚುಮ್ಮಾ," ಎಂದರು. ಸುಮ್ಮನೆ, ಅಷ್ಟೇ.

ಅದು ಪಾದ್ರಿಗಳ ಭಾಷೆ ಎಂದು ಯಾರೋ ಚಿಕ್ಕಮ್ಮನ ಕಿವಿಗೆ ಹಾಕಿದರು. ಅಂದಿನಿಂದ ಅವರು ಗಂಡನ ಹಣೆಗೆ ವಿಭೂತಿಯನ್ನು ಎರಡು ಪಟ್ಟು ಬಳಿದೇ ತರಗತಿಗೆ ಕಳಿಸತೊಡಗಿದರು. ಅಲ್ಲಿದ್ದ ಪಾದ್ರಿ ವಿದ್ಯಾರ್ಥಿಗಳು ಇವರು ಯಾವುದೋ ಮಠದ ಸ್ವಾಮಿಗಳೆಂದು ತಿಳಿದು ಎದ್ದು ನಿಲ್ಲುತ್ತಿದ್ದರಂತೆ.

ಮೊದಲ ಹಂತ ಹೇಗೋ ದಾಟಿತು. ಎರಡನೆಯದು ಕ್ರಿಯಾಪದಗಳ ಕಾಡು. ಒಮ್ಮೆ ಬಸ್ಸಿನಲ್ಲಿ ಕಣ್ಣು ಮುಚ್ಚಿ "ಅಮಾರೆಂ, ಅಮಾರೇಸ್" ಎಂದು ಉರುಹೊಡೆಯುತ್ತಿದ್ದಾಗ ಕಂಡಕ್ಟರ್ ಬಂದು, ಟಿಕೆಟ್ ತಗೊಂಡಾಯ್ತಾ ಎಂದು ತಮಿಳಿನಲ್ಲಿ ಕೇಳಿದ. ಅವನ ಕಿವಿಗೆ ಬಿದ್ದದ್ದು "ಆಮಾ". ತಮಿಳಿನಲ್ಲಿ ಹಾಗೆಂದರೆ ಹೌದು! ಅವಿನಾಶಿಯಲ್ಲಿ ಚೆಕಿಂಗ್‌ನವರು ಹತ್ತಿದರು, ಚಿಕ್ಕಪ್ಪ ದಂಡ ತೆತ್ತರು.

"ಗ್ರಾಮರ್‌ಗೆ ಫೈನ್ ಕಟ್ದೋನು ನಾನೊಬ್ನೇ ಕಣ್ಣು," ಎಂದು ನನ್ನೆದುರು ಹೆಮ್ಮೆಪಟ್ಟರು. ನಮ್ಮ ಕಡೆ ಮುದ್ದಿನವರನ್ನು ಕರೆಯುವುದೇ ಕಣ್ಣು ಎಂದು.

ಎರಡನೇ ಹಂತದಲ್ಲಿ ಒಮ್ಮೆ ಫೇಲಾದರು. ಮತ್ತೆ ಫೇಲಾದರೆ ಹೆಸರು ತೆಗೆಯುವುದಾಗಿ ಮೇಷ್ಟರು ಹೇಳಿದ್ದರು. ಆ ಪರೀಕ್ಷೆ ಹತ್ತಿರ ಬಂದಾಗಲೇ ಚಿಕ್ಕಮ್ಮನ ಎದೆಯಲ್ಲೊಂದು ಗಂಟು ಕಾಣಿಸಿತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಟೆಸ್ಟ್ ಮಾಡಿಸಿದೆವು. ರಿಪೋರ್ಟ್ ಬರುವುದೂ ಪರೀಕ್ಷೆಯ ದಿನವೇ ಎಂದಾಯಿತು.

"ಅವ್ರಿಗೆ ಸೊಲ್ಲಬೇಡ ಕಣ್ಣು. ನೆಮ್ದಿಯಾಗಿ ಬರೀಲಿ," ಎಂದು ಚಿಕ್ಕಮ್ಮ ನನ್ನದೂ ಮಗಳದೂ ಬಾಯಿ ಕಟ್ಟಿದರು.

ಅಂದು ನಾವಿಬ್ಬರೂ ಡಾಕ್ಟರ ಕೋಣೆಯ ಹೊರಗೆ ಕುಳಿತಿದ್ದೆವು. ಬೆವರೊರೆಸಿಕೊಳ್ಳುತ್ತ ಚಿಕ್ಕಪ್ಪ ಬಂದರು.

"ಪರೀಚ್ಚೆ?" ಚಿಕ್ಕಮ್ಮ ಬೆಚ್ಚಿದರು.

"ಅರ್ಧ ಬರ್ದು ಎದ್ದು ಬಂದೆ. ನೀನು ಬಲಗಡೆ ಮಗ್ಗಲಾಗಿ ಮಲಗೋದು ಬಿಟ್ಟಿದ್ದೆ. ನಂಗೆ ತಿಳೀದಾ? ಆಚೆ ಬಂದು ಮಗಳ್ಗೆ ಫೋನ್ ಹಾಕಿ ಕೇಳ್ದೆ, ಅತ್ತುಬಿಟ್ಳು."

ಡಾಕ್ಟರು ಒಳಗೆ ಕರೆದರು. ಬರೀ ಕೊಬ್ಬಿನ ಗಂಟು, ಭಯವಿಲ್ಲ ಎಂದರು. ಚಿಕ್ಕಪ್ಪ ಅಲ್ಲೇ ಗೋಡೆಗೊರಗಿ ಸುಮ್ಮನೆ ನಕ್ಕರು.

ಮರುದಿನ ಕೊಯಮತ್ತೂರಿನ ಬಸ್ ಹತ್ತಿದವರು ಚಿಕ್ಕಮ್ಮ. ಲ್ಯಾಟಿನ್ ಮೇಷ್ಟರ ಮುಂದೆ ಕೈಮುಗಿದು, ನನ್ನಿಂದ ಹೀಗಾಯಿತು, ಇನ್ನೊಮ್ಮೆ ಬರೆಯಲು ಬಿಡಿ ಎಂದು ಕೇಳಿಕೊಂಡರಂತೆ. ಮೇಷ್ಟರು ಒಪ್ಪಿದರು.

ಆ ಪರೀಕ್ಷೆ ಮುಗಿಯುವವರೆಗೂ ಅವರು ಹೊರಗೆ ಬೇವಿನ ಮರದಡಿ ಕುಳಿತಿದ್ದರು. ಚಿಕ್ಕಪ್ಪ ಬಂದು ಪಕ್ಕದಲ್ಲಿ ಕುಳಿತರು.

"ಬರ್ದ್ರಾ?"

"ಪೂರ್ತಿ ಬರ್ದೆ," ಎಂದು ಚಿಕ್ಕಪ್ಪ ಅವರ ಕೈ ಹಿಡಿದುಕೊಂಡರು.