ಸರದಿ ದೀಪದ ಕಾಲುಗಳನ್ನು ಸಮ ಮಾಡುವ ಕುರಿತು

ಸಂಖ್ಯೆ: ಸ.ದೀ./ಕಾಲು/17/ತಿದ್ದುಪಡಿ-4
ದಿನಾಂಕ: ಸಹಿ ಬಿದ್ದ ದಿನ

ವಿಷಯ: ಸರದಿ ಸಂಖ್ಯೆ ತೋರಿಸುವ ದೀಪದ ಕಿಟ್ಟನ್ನು ಕಚೇರಿಯಲ್ಲೇ ಜೋಡಿಸುವ ಬಗ್ಗೆ.

ಉಲ್ಲೇಖ: 1. ಕಿವಿ ಕೇಳದ ದರ್ಜಿಯೊಬ್ಬರ ಅರ್ಜಿ.
2. ಅದೇ ಅರ್ಜಿ, ಇನ್ನೂ ದಪ್ಪ ಅಕ್ಷರಗಳಲ್ಲಿ.

ಜವಾನರು ಕೂಗುವ ಸಂಖ್ಯೆ ಕೇಳಿಸದೆ ತಮ್ಮ ಅಂಗಡಿ ಪರವಾನಗಿಯ ನವೀಕರಣ ನಾಲ್ಕು ಬಾರಿ ತಪ್ಪಿತೆಂದೂ, ಐದನೆಯ ಬಾರಿಯೂ ತಪ್ಪಿದರೆ ಅಂಗಡಿ ಮುಚ್ಚಬೇಕಾಗುವುದೆಂದೂ ದರ್ಜಿಯು ತಿಳಿಸಿರುತ್ತಾರೆ. ಕೌಂಟರಿನ ಕಿರಿಯ ಸಹಾಯಕಿಯ ಕೋರಿಕೆಯಂತೆ ಕಿಟ್ ತರಿಸಿ, ಸಮಿತಿ ರಚಿಸಿ, ಜೋಡಿಸಲಾಗಿದೆ. ದೀಪ ಹತ್ತಿರುವುದಿಲ್ಲ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಸೂಚಿಸುವುದೇನೆಂದರೆ:

1. ಪ್ರತಿ ಎಲ್‌ಇಡಿ ದೀಪದ ಎರಡು ತಂತಿಗಾಲುಗಳಲ್ಲಿ ಒಂದು ಉದ್ದ, ಒಂದು ಗಿಡ್ಡ ಇರುವುದು ಪರಿಶೀಲನೆಯಲ್ಲಿ ಕಂಡುಬಂದಿದೆ. ಇಂಥ ತಾರತಮ್ಯ ಈ ಕಚೇರಿಯಲ್ಲಿ ಸಲ್ಲದ ಕಾರಣ ಎರಡನ್ನೂ ಸಮನಾಗಿ ಕತ್ತರಿಸಲಾಗಿದೆ, ಮುಂದೆಯೂ ಕತ್ತರಿಸತಕ್ಕದ್ದು.

2. ಕತ್ತರಿಸಿದ ಬಳಿಕ ಯಾವ ಕಾಲು ಪ್ಲಸ್, ಯಾವುದು ಮೈನಸ್ ಎಂಬುದನ್ನು ಬಹುಮತದಿಂದ ತೀರ್ಮಾನಿಸಲಾಗುವುದು. ಗೈರುಹಾಜರಾದವರ ಮತ ಮೈನಸ್ಸಿಗೆ ಸೇರುತ್ತದೆ.

3. "ಉದ್ದ ಕಾಲೇ ಪ್ಲಸ್ ಅಂತ ಗುರುತಿಗೆ ಇಟ್ಟಿರ್ತಾರೆ ಸಾರ್. ಅದನ್ನೇ ಕತ್ತರಿಸಿ ಕೂತ್ರೆ, ದೀಪ ಏನು ನಿಮ್ಮ ಮುಖ ನೋಡಿ ಹತ್ತುತ್ತಾ?" ಎಂದು ಸದರಿ ಸಹಾಯಕಿ ಆಡಿದ ಮಾತು ಕಡತದಲ್ಲಿದೆ. ಅಧ್ಯಕ್ಷರ ಮುಖವನ್ನು ತೋರಿಸಿಯೂ ಪರೀಕ್ಷಿಸಲಾಗಿದೆ. ಹತ್ತಿರುವುದಿಲ್ಲ.

4. ಬೆಸುಗೆ ಹಾಕುವ ಕಾದ ಸೋಲ್ಡರಿಂಗ್ ಐರನ್ನನ್ನು ಸೇವಾ ಹಿರಿತನದ ಪ್ರಕಾರ ಮೊದಲು ಅಧ್ಯಕ್ಷರ ಕೈಗೆ ಕೊಡತಕ್ಕದ್ದು. ಅವರು ಅದನ್ನು ಯಾವ ತುದಿಯಲ್ಲಿ ಹಿಡಿದರೆಂಬುದು ಗೌಪ್ಯ.

5. ಸದರಿ ಸಹಾಯಕಿಯು ಮನೆಯಲ್ಲಿ ಇನ್ನೊಂದು ಕಿಟ್ ಜೋಡಿಸಿ, ಸಮಿತಿ ಊಟಕ್ಕೆ ಹೋದಾಗ ಕೌಂಟರಿನ ಮೇಲಿಟ್ಟಿರುವುದೂ, ಅದು ಹತ್ತಿರುವುದೂ, ಮೂಲೆಯ ಬೆಂಚಿನಲ್ಲಿದ್ದ ದರ್ಜಿಯು ತಮ್ಮ ಸಂಖ್ಯೆ 43 ನೋಡಿ ತಾವಾಗಿಯೇ ಎದ್ದು ಬಂದಿರುವುದೂ ಗಮನಕ್ಕೆ ಬಂದಿದೆ. ಮಂಜೂರಾತಿಯಿಲ್ಲದ ದೀಪ ನೋಡಿ ಬಂದ ಸರದಿ ಸರದಿಯೇ ಅಲ್ಲ. ಅಂದು ಆದ ನವೀಕರಣವನ್ನು ರದ್ದುಪಡಿಸಿದೆ. ದೀಪವನ್ನು ಬಿಚ್ಚಿ, ಕಾಲು ಸಮ ಮಾಡಿ, ಸಮಿತಿಗೆ ಸಲ್ಲಿಸತಕ್ಕದ್ದು.

6. ದರ್ಜಿಗೆ ಕೊನೆಯ ಅವಕಾಶ ನೀಡಲಾಗಿದೆ. ನಾಳೆ ಅವರನ್ನು ಹಿಂದಿನಂತೆಯೇ ಕೂಗಿ ಕರೆಯಲಾಗುವುದು.

ಸಹಿ/- (ಎಡಗೈಯದು)
ಅಧ್ಯಕ್ಷರು, ಕಾಲು ಸಮೀಕರಣ ಸಮಿತಿ

ಪ್ರತಿಗಳು:
ಉಗ್ರಾಣ: ಕಾಲಿನ ತುಂಡುಗಳನ್ನು ಜೋಪಾನ ಮಾಡಲು.
ಕಿರಿಯ ಸಹಾಯಕಿ: ಮೂರು ದಿನದೊಳಗೆ ಕಾರಣ ನೀಡಲು.
ಜವಾನರು: ಗಂಟಲು ಸರಿಮಾಡಿಕೊಳ್ಳಲು.
ದರ್ಜಿ: ಪ್ರತಿ ಅಗತ್ಯವಿಲ್ಲ. ಓದಿ ಹೇಳಲಾಗುವುದು.