ನಾನೇ ಆರಿಸಿದ ಸೀರೆ

ಸೀರೆ ಆರಿಸುವುದರಲ್ಲಿ ಏನು ಮಹಾ ಇದೆ? ಬದನೆಕಾಯಿ ಆರಿಸಿದ ಹಾಗೆ. ಹುಳುಕು ನೋಡಬೇಕು, ಚೀಲಕ್ಕೆ ಹಾಕಬೇಕು. ಹಾಗೆಂದು ನಂಬಿಯೇ ನಾನು ನಿಪ್ಪಾಣಿಯ ಬಸ್ಸು ಹತ್ತಿದ್ದು.

ಮೊಮ್ಮಗಳು ರೇಖಾಳ ಮದುವೆಯ ಜವಳಿ ತರುವುದಿತ್ತು. ನನಗೆ ಇಷ್ಟು ವರ್ಷ ಸೀರೆ ತಂದವನು ಗಂಡ. ಅವನು ಸತ್ತ ಮೇಲೆ ಮಗ. ಇಬ್ಬರೂ ತಂದದ್ದು ಒಂದೇ ಬಣ್ಣ: ಒಣಗಿದ ತಂಬಾಕಿನ ಎಲೆಯದು. ಹೊಲಸು ಕಾಣುವುದಿಲ್ಲವಂತೆ!

"ಈ ಸಲ ನನ್ನ ಸೀರಿ ನಾನ ಆರಸ್ತೀನಿ. ಮದವಿಗೆ ಅದನ್ನ ಉಡತೀನಿ!" ಎಂದು ಮನೆಯಲ್ಲಿ ಸಾರಿದೆ.

"ಆರಸ ಬೇ ಯವ್ವಾ, ಯಾರ ಬ್ಯಾಡಂದಾರ?" ಎಂದು ಮಗ ನಕ್ಕ.

ಯಾರೂ ಬೇಡ ಅಂದಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಅಂಗಡಿಯವನು ಗಾದಿಯ ಮೇಲೆ ಕೂರಿಸಿ ಚಹಾ ಕೊಟ್ಟ. "ಆಯಿ, ನಿಮ್ಮ ಪಸಂದ ಹೇಳ್ರಿ."

"ನನ್ನ ವಯಸ್ಸಿನವರು ಯಾವದ ಒಯ್ತಾರಪಾ?"

"ಅವರದ ಬಿಡ್ರಿ. ನಿಮಗ ಯಾವದ ಬೇಕು?"

ಇಂಥ ಕಠಿಣ ಪ್ರಶ್ನೆ ನನಗೆ ಯಾರೂ ಹಾಕಿರಲಿಲ್ಲ. ಇನ್ನೊಂದು ಕಪ್ ಚಹಾ ತರಿಸಿಕೊಂಡೆ.

ಸೀರೆಗಳ ಗುಡ್ಡವೇ ಬಿದ್ದಿತು. ನಡುವೆ ಒಂದು ದಾಳಿಂಬೆ ಕೆಂಪು, ಗಿಳಿಹಸಿರು ಅಂಚು. ಕೈ ತಾನೇ ಅದರ ಮೇಲೆ ಹೋಯಿತು. ಜಗ್ಗಿ ನೋಡಿದೆ, ಹರಿಯಲಿಲ್ಲ. ಬಣ್ಣ ಬಿಡುತ್ತದೋ ಎಂದು ಕುಡಿಯುವ ನೀರಿನ ಲೋಟದಲ್ಲಿ ಅದರ ತುದಿ ಅದ್ದಿದೆ. ಬಣ್ಣ ಹೋದದ್ದು ಅಂಗಡಿಯವನ ಮುಖದ್ದು! ತಲೆಯ ಮೇಲೆ ಹೊದ್ದು ಕನ್ನಡಿಯ ಮುಂದೆ ನಿಂತೆ. ಸುಳ್ಳೇಕೆ, ಚೆನ್ನಾಗಿಯೇ ಕಂಡೆ.

ಪಕ್ಕದಲ್ಲಿ ಕೂತಿದ್ದ ಯಾರೋ ಹೆಂಗಸು ಕೇಳಿದಳು: "ಛಂದ ಐತ್ರಿ ಆಯಿ. ಮೊಮ್ಮಗಳಿಗೇನ್ರಿ?"

ಗಂಡ ಸತ್ತ ಮುದುಕಿಗೆ ಇದೆಂಥ ಕೆಂಪು ಎಂದು ಅವಳು ಅನ್ನಲಿಲ್ಲ. ಅವಳ ಪರವಾಗಿ ನಾನೇ ಅಂದುಕೊಂಡೆ. "ಹೂಂ, ಮೊಮ್ಮಗಳಿಗ್ರಿ," ಎಂದುಬಿಟ್ಟೆ!

ಜೊತೆಗೆ ಬಂದಿದ್ದ ಸೊಸೆ ಸುನಂದಾ ಕಣ್ಣು ಬಿಟ್ಟಳು. "ಅತ್ತಿ, ರೇಖಾ ತನ್ನ ಸೀರಿ ತಾನ ಆರಿಸಿ ಇಟ್ಟಾಳಲ್ರಿ?"

"ಇನ್ನೊಂದ ಇರಲಿ. ಸುಮ್ನ ಕುಂಡ್ರ."

ಕೆಂಪು ಸೀರೆ ಕಟ್ಟಿಸಿದ್ದಾಯಿತು. "ಮತ್ತ ನಿಮಗ್ರಿ ಆಯಿ?" ಎಂದ ಅಂಗಡಿಯವನು.

"ಹೊಲಸ ಕಾಣಲಾರದ್ದ ಒಂದ ಕೊಡಪಾ."

ಯಾವ ಬಣ್ಣ ಕೊಟ್ಟನೆಂದು ಹೇಳಬೇಕೇ?

ಮನೆಯಲ್ಲಿ ರೇಖಾ ಕೆಂಪು ಸೀರೆ ಬಿಚ್ಚಿ ಮುಖ ಗಂಟಿಕ್ಕಿದಳು. "ಆಯೀ, ಕೆಂಪ ನನಗ ಸೇರಂಗಿಲ್ಲ. ಒಂದ ಮಾತ ಕೇಳಬಾರದಿತ್ತೇನ?"

"ಹುಡುಗ್ಯಾರನ್ನೇನ ಕೇಳೂದು! ದೊಡ್ಡವರು ತಂದದ್ದ ಉಡಬೇಕು!"

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅದು ನನ್ನ ಗಂಡನ ಮಾತು. ಅಕ್ಷರ ತಪ್ಪದೆ ಬಂದಿತ್ತು!

"ಹಂಗಾರ ನೀನ ಉಡು," ಎಂದು ಅವಳು ಸೀರೆಯನ್ನು ನನ್ನ ಉಡಿಗೆ ಹಾಕಿ ಹೋದಳು.

ಮದುವೆಯ ದಿನ ಬೆಳಿಗ್ಗೆ ಅದನ್ನು ಬಿಚ್ಚಿದೆ. ಮಡಚಿದೆ. ಮತ್ತೆ ಬಿಚ್ಚಿದೆ. ಕೊನೆಗೆ ಟ್ರಂಕಿನ ತಳಕ್ಕೆ ತುರುಕಿ, ತಂಬಾಕು ಬಣ್ಣದ್ದನ್ನು ಉಟ್ಟು ಮಂಟಪಕ್ಕೆ ಹೋದೆ. ಯಡೂರಿನಿಂದ ಬಂದಿದ್ದ ನನ್ನ ನಾದಿನಿ ಸೆರಗು ಹಿಡಿದು ನೋಡಿದಳು.

"ಇದೇನ ವೈನಿ, ಮದವಿ ಮನ್ಯಾಗೂ ಇದ ಬಣ್ಣ? ಮಗಾ ತಂದಾನೇನ?"

"ಹೂಂ ನೋಡವಾ," ಅಂದೆ. "ಈ ಮನ್ಯಾಗ ನನ್ನ ಯಾರ ಕೇಳತಾರ!"